ನಾವು ಬಸ್ಸಿಗೆ, ಬಸ್ಸು ನಮಗೆ

ಬಸ್ಸಿನ ಚರಿತ್ರೆ ಬರೆದವರೆಲ್ಲ ಬಸ್ಸುಗಳನ್ನು ಎಣಿಸಿದ್ದಾರೆ. ಇಂಥ ವರ್ಷ ಇಷ್ಟು ಬಸ್ಸು, ಇಷ್ಟು ಡಿಪೋ, ದಿನಕ್ಕೆ ಇಷ್ಟು ಲಕ್ಷ ಕಿಲೋಮೀಟರು. ಓಡಿದ ಕಿಲೋಮೀಟರಿಗೆ ಪೈಸೆ ಪೈಸೆ ಲೆಕ್ಕವಿದೆ. ಆದರೆ ಬಸ್ಸಿನ ವಿಷಯದಲ್ಲಿ ನಾವು ಓಡಾಡಿದ್ದಕ್ಕಿಂತ ಕಾದದ್ದೇ ಜಾಸ್ತಿ. ನಿಂತ ಗಂಟೆಗಳನ್ನು ಯಾರಾದರೂ ಎಣಿಸಿದ್ದಾರಾ? ಎಣಿಸಿದ್ದರೆ ಕರ್ನಾಟಕದ ಅರ್ಧ ಆಯುಸ್ಸು ಬಸ್‌ಸ್ಟಾಪಿನಲ್ಲೇ ಕಳೆದಿದೆ ಅಂತ ಗೊತ್ತಾಗುತ್ತಿತ್ತು.

ಈ ಕಾಯುವುದರಲ್ಲೂ ಒಂದು ಮಜಾ ಇದೆ. ಪಟ್ಟಣದಲ್ಲಿ ನಾವು ಬಸ್ಸಿಗೆ ಕಾಯುತ್ತೇವೆ. ಹಳ್ಳಿಯಲ್ಲಿ ಎಷ್ಟೋ ಸಲ ಬಸ್ಸೇ ನಮಗೆ ಕಾಯುತ್ತದೆ. ಯಾರು ಯಾರಿಗೆ ಕಾಯಬೇಕು ಅನ್ನುವ ಜಗ್ಗಾಟ ನೂರು ವರ್ಷದಿಂದ ನಡೆದೇ ಇದೆ. ನಮ್ಮ ನಾಡಿನ ಬಸ್ಸಿನ ಕಥೆಯೆಂದರೆ ನನಗೆ ಇದೇ.

ಶುರುವಿನಲ್ಲಿ ಕಾಯುತ್ತಿದ್ದದ್ದು ಬಸ್ಸು. ಸರ್ಕಾರಿ ಬಸ್ಸು ಬರುವ ಮೊದಲು ಇದ್ದದ್ದು ಕಂಪನಿ ಬಸ್ಸುಗಳು. ಮಂಗಳೂರಿನಲ್ಲಿ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, 1914ರಲ್ಲೇ ಹುಟ್ಟಿತ್ತು. ಗಾಂಧೀಜಿ ಆಗಿನ್ನೂ ದಕ್ಷಿಣ ಆಫ್ರಿಕಾದಿಂದ ಊರಿಗೆ ಮರಳಿರಲಿಲ್ಲ. ಘಟ್ಟದ ಮೇಲೆ, ಬಯಲುಸೀಮೆಯಲ್ಲಿ ಒಬ್ಬೊಬ್ಬ ಸಾಹುಕಾರರಿಗೆ ಒಂದೋ ಎರಡೋ ಬಸ್ಸು. ಕಾಗದದ ಮೇಲೆ ಟೈಮು ಇದ್ದಿರಬಹುದು. ನಮ್ಮಜ್ಜ ಹೇಳುತ್ತಿದ್ದ ಪ್ರಕಾರ ಆ ಬಸ್ಸುಗಳಿಗೆ ಗಡಿಯಾರ ಇರಲಿಲ್ಲ, ಹೊಟ್ಟೆ ಮಾತ್ರ ಇತ್ತು. ತುಂಬಿದರೆ ಹೊರಡುತ್ತಿತ್ತು, ತುಂಬದಿದ್ದರೆ ಇಲ್ಲ. ಏಜೆಂಟ್ ಅರಳಿಕಟ್ಟೆಯ ಸುತ್ತ ಊರಿನ ಹೆಸರು ಕೂಗಿಕೊಂಡು ಓಡಾಡುವನು. ಇಂಜಿನ್ ಶುರು ಮಾಡಿ ಬಸ್ಸನ್ನು ನಾಲ್ಕು ಮಾರು ಮುಂದೆ ತಂದು, ಮತ್ತೆ ಹಿಂದಕ್ಕೆ ಒಯ್ದು ನಿಲ್ಲಿಸುವರು. ಒಳಗೆ ಕೂತವರಿಗೆ ಇನ್ನೇನು ಹೊರಟಿತು ಅನ್ನುವ ಸಮಾಧಾನ. ಈ ಆಟ ಖಾಸಗಿ ಬಸ್ಸಿನವರು ಈಗಲೂ ಮರೆತಿಲ್ಲ, ಅಲ್ವಾ?

ಬಸ್ಸು ಎಲ್ಲರಿಗೂ ಒಂದೇ ಥರ ಕಾಯುತ್ತಿತ್ತು ಅಂತ ಮಾತ್ರ ತಿಳಿಯಬೇಡಿ. ಪಟೇಲರ ಮನೆಯವರು ಹೊರಟಿದ್ದಾರೆ ಎಂದರೆ ಡ್ರೈವರ್ ಪಕ್ಕದ ಸೀಟು ಖಾಲಿ ಬಿಟ್ಟು, ಅವರ ಊಟವಾಗಿ, ಎಲೆಅಡಿಕೆ ಆಗುವವರೆಗೂ ಬಸ್ಸು ನಿಲ್ಲುತ್ತಿತ್ತು. ಕೂಲಿಗೆ ಹೋಗುವವನು ಎರಡು ಹೆಜ್ಜೆ ಹಿಂದೆ ಬಿದ್ದರೆ ಅವನ ಪಾಲಿಗೆ ಧೂಳು.

ಎರಡನೇ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ರೇಷನ್ ಆಯಿತು. ಬಸ್ಸುಗಳು ಇದ್ದಿಲು ತಿನ್ನಲು ಕಲಿತವು. ಬಸ್ಸಿನ ಹಿಂಭಾಗಕ್ಕೆ ಡ್ರಮ್ಮಿನಂಥ ಒಂದು ಒಲೆ ಕಟ್ಟುತ್ತಿದ್ದರು. ಗಾಳಿ ಸಾಲದ ಹಾಗೆ ಇದ್ದಿಲನ್ನು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಗ್ಯಾಸು ಬರುತ್ತದೆ. ಅದೇ ಇಂಜಿನ್ನಿನ ಊಟ. ಬೆಳಗ್ಗೆ ಕ್ಲೀನರ್ ಹುಡುಗ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಿ, ಇದ್ದಿಲು ಕೆಂಡವಾಗಿ, ಗ್ಯಾಸು ಎದ್ದು, ಇಂಜಿನ್ ಕೆಮ್ಮುವ ಹೊತ್ತಿಗೆ ಪ್ರಯಾಣಿಕರು ಎರಡನೇ ಕಾಫಿ ಮುಗಿಸಿರುತ್ತಿದ್ದರು. ಅಷ್ಟಾದರೂ ಕಸುವು ಪೆಟ್ರೋಲಿನದಲ್ಲ. ಏರು ಬಂತೆಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಟಿಕೆಟ್ ಕೊಂಡವರೇ ಬಸ್ಸನ್ನು ಕರೆದುಕೊಂಡು ಹೋಗುತ್ತಿದ್ದ ಕಾಲ ಅದು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರ 120 ಬಸ್ಸು ಇಟ್ಟುಕೊಂಡು ತನ್ನದೇ ಸಾರಿಗೆ ಶುರು ಮಾಡಿತು. ಹೆಸರು ಮೈಸೂರ್ ಗವರ್ನಮೆಂಟ್ ರೋಡ್ ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟ್. ಇಷ್ಟುದ್ದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಊರು ಸೇರುತ್ತಿತ್ತು. ಜನ ಸುಮ್ನೆ ‘ಗೌರ್ಮೆಂಟ್ ಬಸ್ಸು’ ಅಂದರು. ಅದು ನಿಗಮವಲ್ಲ, ಸರ್ಕಾರದ ಒಂದು ಇಲಾಖೆ. ಹಾಗಾಗಿ ಡ್ರೈವರ್, ಕಂಡಕ್ಟರ್ ಸರ್ಕಾರಿ ನೌಕರರು. ಖಾಕಿ ಬಟ್ಟೆ ಹಾಕಿ ದಿನಾ ಊರಿಗೆ ಬರುವ ಸರ್ಕಾರ. ತಹಸೀಲ್ದಾರರನ್ನು ನೋಡದ ಹಳ್ಳಿಗಳು ಬೇಕಾದಷ್ಟಿದ್ದವು. ಕಂಡಕ್ಟರನ್ನು ಮಾತ್ರ ಎಲ್ಲರೂ ನೋಡಿದ್ದರು.

ಈ ಹೊಸ ಬಸ್ಸು ತಂದ ದೊಡ್ಡ ಬದಲಾವಣೆ ಟೈಮು. ತುಂಬಲಿ ಬಿಡಲಿ, ಹೊತ್ತಾದರೆ ಹೊರಡಬೇಕು. ಪಟೇಲರೂ ಓಡಿ ಬಂದು ಹತ್ತಬೇಕಾಯಿತು. ಒಂದು ಬಸ್ಸು ಇದಕ್ಕಿಂತ ದೊಡ್ಡ ಕ್ರಾಂತಿ ಏನು ಮಾಡಲು ಸಾಧ್ಯ, ಹೇಳಿ?

ಆಗ ಕನ್ನಡದ ಜನ ನಾಲ್ಕಾರು ಸರ್ಕಾರಗಳಲ್ಲಿ ಹಂಚಿಹೋಗಿದ್ದರು. ಬಸ್ಸುಗಳೂ ಹಾಗೇ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಅವರು ನಮಗಿಂತ ಮುಂಚೆ, 1932ರಲ್ಲೇ, ರೈಲ್ವೆ ಇಲಾಖೆಯ ಜೊತೆಗೇ ಸೇರಿಸಿ 27 ಬಸ್ಸು ಓಡಿಸಿದ್ದರು. ಬೆಳಗಾವಿ, ಧಾರವಾಡ, ಕಾರವಾರದ ಕಡೆಯದು ಮುಂಬೈ ಸರ್ಕಾರ. ಅಲ್ಲಿಯೂ 1948ರಲ್ಲೇ ಸರ್ಕಾರಿ ಬಸ್ಸು ಶುರುವಾಯಿತು. ಆ ಕಡೆಯ ಹಿರಿಯರು ಈಗಲೂ ‘ಎಸ್ಟಿ ಬಂತೇನು?’ ಅಂತ ಕೇಳುವುದು ಆ ಸ್ಟೇಟ್ ಟ್ರಾನ್ಸ್‌ಪೋರ್ಟಿನ ಉಳಿಕೆ. 1956ರಲ್ಲಿ ರಾಜ್ಯ ಒಂದಾದಾಗ ಈ ಬಸ್ಸುಗಳೂ ಒಂದೇ ಲೆಕ್ಕಕ್ಕೆ ಬಂದವು. 1961ರ ಆಗಸ್ಟ್ 1ಕ್ಕೆ ಇಲಾಖೆ ಹೋಗಿ ನಿಗಮ ಬಂತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಬಸ್ಸಿನ ಮೇಲಿನ ಹೆಸರನ್ನೂ ತಿದ್ದಿ ಕೆಎಸ್ಸಾರ್ಟಿಸಿ ಮಾಡಿದರು.

ಹೀಗೆ ನಲವತ್ತು ವರ್ಷ ಒಂದೇ ಮನೆಯಲ್ಲಿದ್ದ ಬಸ್ಸುಗಳು ಆಮೇಲೆ ಅಣ್ಣತಮ್ಮಂದಿರ ಹಾಗೆ ಪಾಲಾದವು. 1997ರಲ್ಲಿ ಬೆಂಗಳೂರಿನದು ಬಿಎಂಟಿಸಿ, ಹುಬ್ಬಳ್ಳಿಯದು ವಾಯವ್ಯ ಸಾರಿಗೆ. 2000ದಲ್ಲಿ ಕಲಬುರಗಿಯದು ಈಶಾನ್ಯ ಸಾರಿಗೆ. ಅದಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. ಭೂಪಟ ತೆಗೆದು ನೋಡಿದರೆ ತಮಾಷೆಯಾಗಿದೆ. ಪಾಲು ಬಿದ್ದದ್ದು ಹೆಚ್ಚುಕಡಿಮೆ ಹಳೇ ಗೆರೆಗಳ ಮೇಲೇ. ಮುಂಬೈಯವರು ಬಿಟ್ಟುಹೋದದ್ದು ಹುಬ್ಬಳ್ಳಿಗೆ, ನಿಜಾಮರದು ಕಲಬುರಗಿಗೆ. ವಿಜಯಪುರ, ಬಳ್ಳಾರಿ ಮಾತ್ರ ಗೆರೆ ದಾಟಿ ಕಲಬುರಗಿಯ ಪಾಲಿಗೆ ಹೋದವು. ಪ್ರಯಾಣಿಕರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲಿಲ್ಲ. ಅವರಿಗೆ ಎಲ್ಲವೂ ಕೆಂಪು ಬಸ್ಸೇ.

ಹಳ್ಳಿಗೆ ಬಸ್ಸು ಬಂದ ಮೇಲೆ ಹೊತ್ತಿಗೂ ಹೆಸರು ಬಂತು. ಏಳೂವರೆ ಬಸ್ಸು, ಹನ್ನೊಂದರ ಬಸ್ಸು, ಶಾಲೆ ಬಿಡೋ ಬಸ್ಸು, ಲಾಸ್ಟ್ ಬಸ್ಸು. ಏಳೂವರೆ ಬಸ್ಸು ಎಂಟೂಕಾಲಿಗೆ ಬಂದರೂ ಅದು ಏಳೂವರೆ ಬಸ್ಸೇ. ‘ಏಳೂವರೆ ಬಸ್ಸು ಇವತ್ತು ಎಂಟೂಕಾಲಿಗೆ ಬಂತು’ ಅಂತ ಯಾವ ಮುಜುಗರವೂ ಇಲ್ಲದೆ ಹೇಳುತ್ತಾರೆ. ಹಾಲು ಕರೆಯುವುದು, ಒಲೆಗೆ ಅಕ್ಕಿ ಇಡುವುದು, ಕೂಲಿಯವರು ಎದ್ದು ಸೊಂಟ ಕಟ್ಟುವುದು ಎಲ್ಲವೂ ಬಸ್ಸಿನ ಹಾರನ್ನಿಗೆ. ಹೆಣ್ಣು ಕೊಡುವವರು ಹೊಲ, ಬಾವಿ, ಮನೆ ವಿಚಾರಿಸಿದ ಮೇಲೆ ‘ಊರಿಗೆ ಬಸ್ಸಿದೆಯೇನ್ರಿ?’ ಅಂತಲೂ ಕೇಳುತ್ತಿದ್ದರು. ಇಲ್ಲ ಎಂದರೆ, ಕ್ರಾಸಿನಿಂದ ಎಷ್ಟು ಮೈಲಿ ನಡೀಬೇಕು ಅನ್ನುವುದು ಮುಂದಿನ ಪ್ರಶ್ನೆ. ಕ್ರಾಸಿಗೆ ಹತ್ತಿರ ಇರುವ ಗಂಡಿಗೆ ಬೆಲೆ ಜಾಸ್ತಿ.

ಹಳ್ಳಿ ಬಸ್ಸುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನೈಟ್ ಹಾಲ್ಟ್ ಬಸ್ಸು. ಉತ್ತರ ಕರ್ನಾಟಕದವರು ವಸ್ತಿ ಬಸ್ಸು ಅನ್ನುತ್ತಾರೆ. ರಾತ್ರಿ ಕೊನೇ ಟ್ರಿಪ್ಪಿಗೆ ಬಂದು ಊರಲ್ಲೇ ನಿಂತು, ಬೆಳಗಿನ ಜಾವ ಮೊದಲ ಟ್ರಿಪ್ಪಿಗೆ ಹೊರಡುವ ಬಸ್ಸು. ಲೆಕ್ಕ ಬಲು ಸರಳ. ರಾತ್ರಿ ಖಾಲಿ ಬಸ್ಸನ್ನು ಡಿಪೋಗೆ ಒಯ್ದು, ಬೆಳಗ್ಗೆ ಮತ್ತೆ ಖಾಲಿ ಬಸ್ಸನ್ನು ಕಳಿಸಿದರೆ ಡೀಸೆಲ್ ದಂಡ. ಅದಕ್ಕೆ ಬಸ್ಸನ್ನು ಊರಲ್ಲೇ ಮಲಗಿಸುವುದು. ಜೊತೆಗೆ ಡ್ರೈವರ್, ಕಂಡಕ್ಟರ್ ಕೂಡ. ಮಲಗುವುದು ಬಸ್ಸಿನ ಸೀಟಿನ ಮೇಲೋ, ಗುಡಿಯ ಜಗಲಿಯಲ್ಲೋ, ಶಾಲೆಯ ವರಾಂಡದಲ್ಲೋ. ಊಟಕ್ಕೆ ಹೋಟೆಲ್ ಇಲ್ಲದ ಊರಾದರೆ ಯಾರಾದರೂ ಒಂದು ಮನೆಯವರು ಕರೆಯುತ್ತಿದ್ದರು. ಮುದ್ದೆ ಸಾರು, ಇಲ್ಲ ರೊಟ್ಟಿ ಪಲ್ಯ. ಹಬ್ಬವಾದರೆ ಒಬ್ಬಟ್ಟು. ಮಾರನೇ ದಿನ ಆ ಮನೆಯವರು ಸ್ಟಾಪಿಗೆ ಬರುವುದು ಎರಡು ನಿಮಿಷ ತಡವಾದರೆ ಬಸ್ಸು ಕಾಯುವುದು ಬೇಡವೇ? ಕಾಯುತ್ತಿತ್ತು. ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲದ ನಿಲುಗಡೆ ಅದು.

ಪುಸ್ತಕದಲ್ಲಿ ಇರುವ ನಿಲುಗಡೆಗೆ ‘ಕೋರಿಕೆ ನಿಲುಗಡೆ’ ಅಂತ ಹೆಸರು. ಯಾರಾದರೂ ಕೈ ಅಡ್ಡ ಹಿಡಿದರೆ, ಇಲ್ಲವೇ ಒಳಗಿನವರು ಕೇಳಿದರೆ ಮಾತ್ರ ನಿಲ್ಲುವ ಜಾಗ. ಹಳ್ಳಿ ದಾರಿಯಲ್ಲಿ ಪ್ರತಿ ಹುಣಸೇಮರವೂ ಕೋರಿಕೆ ನಿಲುಗಡೆಯೇ. ‘ಇಲ್ಲೇ ತೋಟದ ಹತ್ರ ಹೋಲ್ಡಾನ್ ಕೊಡಣ್ಣ’ ಅಂದರೆ ಕಂಡಕ್ಟರ್ ಮುಖ ಗಂಟಿಕ್ಕಿಕೊಂಡು, ‘ಮನೆ ಬಾಗಿಲಿಗೇ ಬಿಡಬೇಕೇನಮ್ಮ?’ ಅಂತ ರೇಗುತ್ತಲೇ ಸೀಟಿ ಊದುತ್ತಾನೆ. ರೇಗುವುದು ಡ್ಯೂಟಿಗೆ, ಊದುವುದು ಅಕ್ಕನಿಗೆ.

ಬಸ್ಸು ಮನುಷ್ಯರಿಗಷ್ಟೇ ಕಾಯುತ್ತದೆ ಅಂದುಕೊಳ್ಳಬೇಡಿ. ಧಾರವಾಡದಲ್ಲಿ ರೂಮು ಮಾಡಿ ಓದಿದವರನ್ನು ಕೇಳಿ ನೋಡಿ. ಊರಿನಿಂದ ಅವ್ವ ಬೆಳಗ್ಗೆ ರೊಟ್ಟಿ ಬಡಿದು, ಪಲ್ಯ, ಶೇಂಗಾ ಚಟ್ನಿ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ಸಿಗೆ ಕೊಡುತ್ತಿದ್ದಳು. ಅದೇ ಬುತ್ತಿ. ಗಂಟಿಗೆ ಟಿಕೆಟ್ ಇಲ್ಲ, ಜೊತೆಗೆ ಬರುವವರೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಸಾಲಾಗಿ ನಿಂತಿರುತ್ತಿದ್ದರು. ಒಂದೇ ಥರದ ಹತ್ತಾರು ಗಂಟುಗಳಲ್ಲಿ ತಮ್ಮದನ್ನು ಬಟ್ಟೆಯ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದರು. ಹೀಗೆ ಬುತ್ತಿ ಉಂಡು ಮೇಷ್ಟ್ರಾದವರು, ವಕೀಲರಾದವರು, ದೊಡ್ಡ ಸಾಹೇಬರಾದವರು ಆ ಕಡೆ ಊರಿಗೆ ಹತ್ತು ಜನ ಸಿಗುತ್ತಾರೆ. ಖರ್ಚಿಲ್ಲದೆ ನಡೆದ ಈ ಊಟದ ಯೋಜನೆಯನ್ನು ಯಾವ ನಿಗಮವೂ ತನ್ನ ವರದಿಯಲ್ಲಿ ಬರೆದುಕೊಂಡಿರಲಾರದು. ಬರೆದುಕೊಳ್ಳಬೇಕಿತ್ತು. ಲಾಭನಷ್ಟದ ಮಾತು ಬಂದಾಗಲೆಲ್ಲ ನನಗೆ ಈ ಗಂಟುಗಳು ನೆನಪಾಗುತ್ತವೆ.

ಇನ್ನು ಮಲೆನಾಡು. ಅಲ್ಲಿ ಖಾಸಗಿ ಬಸ್ಸುಗಳದೇ ರಾಜ್ಯ. ಪೇಟೆಯಿಂದ ಔಷಧಿ ತರುವುದು, ಪೇಪರ್ ಕಟ್ಟು ಎಸೆಯುವುದು, ಪಂಪ್‌ಸೆಟ್ಟಿನ ಸಾಮಾನು ರಿಪೇರಿಗೆ ಒಯ್ಯುವುದು ಎಲ್ಲ ಬಸ್ಸಿನವರೇ. ಕೊಪ್ಪದ ‘ಸಹಕಾರ ಸಾರಿಗೆ’ಯ ಕಥೆ ಆ ಕಡೆಯವರಿಗೆಲ್ಲ ಗೊತ್ತು. ಒಂದು ಖಾಸಗಿ ಕಂಪನಿ ನಿಲ್ಲುವ ಸ್ಥಿತಿಗೆ ಬಂದಾಗ ಅಲ್ಲಿನ ನೌಕರರು ಮನೆಗೆ ಹೋಗಲಿಲ್ಲ. 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ತಾವೇ ಬಸ್ಸುಗಳ ಮಾಲೀಕರಾದರು. ಸ್ಟೀರಿಂಗ್ ಹಿಡಿದವನೂ ಮಾಲೀಕ, ಟಿಕೆಟ್ ಹರಿದವನೂ ಮಾಲೀಕ. ಶಾಲೆ ಮಕ್ಕಳಿಗೆ, ಅಂಗವಿಕಲರಿಗೆ ರಿಯಾಯಿತಿ ಕೊಟ್ಟರು. ಬಸ್ಸುಗಳು ಎಪ್ಪತ್ತು ದಾಟಿದವು. ಹತ್ತು ಮನೆಯ ಊರಿಗೂ ಹೋದವು. ಸುಮಾರು ಮೂವತ್ತು ವರ್ಷ ನಡೆದು, ಡೀಸೆಲ್ ಬೆಲೆ, ಸಾಲ, ತೆರಿಗೆ ಎಲ್ಲ ಸೇರಿ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಅದಾಗಿ ತಿಂಗಳಿಗೆ ಕೊರೊನಾ ಬಂದು ದೇಶದ ಬಸ್ಸುಗಳೆಲ್ಲ ನಿಂತವು. ಆ ಗದ್ದಲದಲ್ಲಿ ಇದು ನಿಂತದ್ದು ಹೊರಗಿನವರಿಗೆ ಗೊತ್ತೇ ಆಗಲಿಲ್ಲ. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನವರಿಗೆ ಚೆನ್ನಾಗಿ ಗೊತ್ತಾಯಿತು.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಕಥೆ ಉಲ್ಟಾ. ಜಟಕಾ ಗಾಡಿಗಳ ಊರಿಗೆ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಂತು. ಅದು ಖಾಸಗಿಯದು. 1956ರಲ್ಲಿ ಸರ್ಕಾರ ಅದನ್ನು ತೆಗೆದುಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಅಂತ ಕರೆಯಿತು. ಬಿಟಿಎಸ್. ಜನ ಅದಕ್ಕೆ ತಮ್ಮದೇ ವಿಸ್ತರಣೆ ಕೊಟ್ಟರು: ಬಿಟ್ಟರೆ ತಿರುಗಿ ಸಿಗೋದಿಲ್ಲ. ಇಷ್ಟು ಖಚಿತವಾದ ವೇಳಾಪಟ್ಟಿಯನ್ನು ಬಿಟಿಎಸ್ ತಾನೂ ಯಾವತ್ತೂ ಪ್ರಕಟಿಸಿರಲಿಲ್ಲ.

ಬಿಟಿಎಸ್ ಮಾತು ಬಂದರೆ ಸಾಕು, ಯಾರಾದರೊಬ್ಬರು ರಜನೀಕಾಂತ್ ಅಲ್ಲಿ ಕಂಡಕ್ಟರಾಗಿದ್ದರು ಅಂತ ಹೇಳೇ ಹೇಳುತ್ತಾರೆ. ಇವತ್ತು ಆ ಕೆಲಸ ನಾನು ಮುಗಿಸಿದ್ದೇನೆ. ನನಗೆ ಅದಕ್ಕಿಂತ ನೆನಪಾಗುವುದು ಡಬಲ್ ಡೆಕ್ಕರ್. ಮೇಲಿನ ಮುಂದಿನ ಸೀಟು ಹಿಡಿದರೆ ಬೆಂಗಳೂರು ನಮ್ಮದೇ. ಮರದ ಕೊಂಬೆಗಳು ಗಾಜಿಗೆ ಬಡಿದು ಹಿಂದಕ್ಕೆ ಹೋಗುವಾಗ ಮಕ್ಕಳೆಲ್ಲ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು. ಗಾಜಿನ ಒಳಗಿದ್ದೇವೆ ಅನ್ನುವುದು ಗೊತ್ತಿದ್ದರೂ.

ಹಳ್ಳಿ ಬಸ್ಸಿಗೆ ಹೊತ್ತಿನ ಹೆಸರಾದರೆ ಪಟ್ಟಣದ ಬಸ್ಸಿಗೆ ನಂಬರು. 500ಡಿ ಅಂದರೆ ರಿಂಗ್ ರೋಡು, 335ಇ ಅಂದರೆ ಕಾಡುಗೋಡಿ. ನಂಬರಿನ ಹಿಂದೆ ಒಂದು ಅಕ್ಷರ, ಅದರ ಹಿಂದೆ ಇನ್ನೊಂದು. ಊರು ಬೆಳೆದ ಹಾಗೆಲ್ಲ ನಂಬರಿಗೆ ಬಾಲ ಬೆಳೆಯಿತು. ಹೊಸಬರು ಬೋರ್ಡು ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹಳಬರು ಬೋರ್ಡು ನೋಡುವುದೇ ಇಲ್ಲ. ಬಸ್ಸು ತಿರುಗುವ ಗತ್ತಿನಲ್ಲೇ ತಮ್ಮದು ಹೌದೋ ಅಲ್ಲವೋ ಹೇಳುತ್ತಾರೆ. ಇವುಗಳಲ್ಲಿ ಎಷ್ಟೋ ನಂಬರುಗಳು ಹೋಗಿ ಸೇರುವ ಜಾಗ ಮೆಜೆಸ್ಟಿಕ್. ಸರ್ಕಾರಿ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಆದರೆ ಪಕ್ಕದಲ್ಲಿದ್ದ ಸಿನಿಮಾ ಟಾಕೀಸಿನ ಹೆಸರೇ ನಿಂತಿತು. ಟಾಕೀಸು ಹೋದರೂ ಹೆಸರು ಹೋಗಲಿಲ್ಲ. ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಜೋರು ಮಳೆ ಬಂದಾಗ ಪ್ಲಾಟ್‌ಫಾರಂ ಹುಡುಕುವವರಿಗೆ ಕೆರೆಯ ನೆನಪು ತಾನಾಗಿಯೇ ಆಗುತ್ತದೆ.

ಪಟ್ಟಣದಲ್ಲಿ ಕಾಯುವವರ ಹಳೇ ದೂರು ಒಂದಿದೆ. ಅರ್ಧ ಗಂಟೆ ಒಂದು ಬಸ್ಸೂ ಇಲ್ಲ, ಬಂದರೆ ಮೂರು ಒಟ್ಟಿಗೆ. ಡ್ರೈವರ್‌ಗಳು ಮಾತಾಡಿಕೊಂಡು ಬರುತ್ತಾರೆ ಅಂತ ನಾನೂ ಬೈದುಕೊಂಡಿದ್ದೇನೆ. ಆದರೆ ಇದು ಯಾರ ಸಂಚೂ ಅಲ್ಲ. ಹತ್ತು ನಿಮಿಷಕ್ಕೊಂದು ಬಸ್ಸು ಬಿಟ್ಟಿದ್ದಾರೆ ಅನ್ನಿ. ಮೊದಲನೆಯದು ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಮೂರು ನಿಮಿಷ ತಡವಾಯಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಸೇರಿದರು. ಅವರೆಲ್ಲ ಹತ್ತಬೇಕು, ಚಿಲ್ಲರೆ ಕೊಡಬೇಕು. ಇನ್ನೂ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದೆ ಬರುವ ಬಸ್ಸಿಗೋ, ಮುಂದಿನದು ಎಲ್ಲರನ್ನೂ ಬಾಚಿಕೊಂಡು ಹೋಗಿರುವುದರಿಂದ ಸ್ಟಾಪುಗಳು ಖಾಲಿ. ಸರ ಸರ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಮೂರನೆಯದೂ ಅಷ್ಟೇ. ತುಂಬಿದ್ದು ಇನ್ನೂ ತುಂಬುತ್ತದೆ, ಖಾಲಿಯದು ಇನ್ನೂ ಖಾಲಿಯಾಗುತ್ತದೆ. ಇದು ಗೊತ್ತಿದ್ದೂ ನಾವು ಮೊದಲನೆಯದಕ್ಕೇ ನೇತಾಡುತ್ತೇವೆ. ಅರ್ಧ ಗಂಟೆ ಕಾದವರಿಗೆ ಹಿಂದಿನ ಬಸ್ಸು ಖಾಲಿಯಿದೆ ಅಂತ ಹೇಳಿದರೆ ನಂಬುತ್ತಾರೆಯೇ?

ಹತ್ತಿದ ಮೇಲೂ ಕಾಯುವುದು ಮುಗಿಯುತ್ತಿರಲಿಲ್ಲ. ಚಿಲ್ಲರೆ ಬಾಕಿ ಇರುತ್ತಿತ್ತಲ್ಲ. ಕಂಡಕ್ಟರ್ ಕೈಯಲ್ಲಿ ಬಣ್ಣ ಬಣ್ಣದ ಟಿಕೆಟ್ ಕಟ್ಟುಗಳು, ಒಂದೊಂದು ದರಕ್ಕೆ ಒಂದೊಂದು ಬಣ್ಣ. ಬೆರಳಿಗೆ ಎಂಜಲು ಹಚ್ಚಿ ಟಿಕೆಟ್ ಹರಿದು, ಪಂಚ್ ಮಾಡಿ, ಹಿಂದುಗಡೆ ಪೆನ್ನಿನಲ್ಲಿ ಬಾಕಿ ಬರೆದು ಕೊಡುತ್ತಿದ್ದ. ಆಮೇಲೆ ನಮ್ಮ ಕಣ್ಣು ಕಿಟಕಿಯಾಚೆ ಇದ್ದರೂ ಮನಸ್ಸು ಆ ಎರಡು ರೂಪಾಯಿಯ ಮೇಲೆ. ಸ್ಟಾಪ್ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳುತ್ತದೆ. ಕೇಳಿದರೆ ಜಿಪುಣ, ಬಿಟ್ಟರೆ ದಡ್ಡ. ಕೆಲವೊಮ್ಮೆ ಇಬ್ಬರಿಗೆ ಸೇರಿಸಿ ಒಂದು ನೋಟು ಕೊಟ್ಟು ‘ಹಂಚ್ಕೊಳ್ಳಿ’ ಅನ್ನುತ್ತಿದ್ದ. ಮುಖ ಪರಿಚಯವೇ ಇಲ್ಲದವನ ಜೊತೆ ಕೆಳಗಿಳಿದು, ಅಂಗಡಿ ಹುಡುಕಿ, ಪಾಲು ಮಾಡಿಕೊಳ್ಳಬೇಕು. ಹೀಗೆ ಸ್ನೇಹಿತರಾದವರೂ ಇದ್ದಾರೆ, ಜಗಳ ಆಡಿದವರೂ ಇದ್ದಾರೆ. ಆಮೇಲೆ ಟಿಕೆಟ್ ಮಷೀನ್ ಬಂತು, ಬಣ್ಣ ಹೋಯಿತು. ಈಗ ಯುಪಿಐ ಬಂದಿದೆ, ಸ್ಕ್ಯಾನ್ ಮಾಡಿದರೆ ಬಾಕಿಯೂ ಇಲ್ಲ, ಪಾಲುದಾರನೂ ಇಲ್ಲ.

ಬಸ್ಸಿನಲ್ಲಿ ಒಂದು ಸೀಟು ಮಾತ್ರ ಯಾರಿಗಾಗಿ ಕಾಯುತ್ತಿತ್ತೋ ಅವರು ಬಂದದ್ದನ್ನು ನಾನು ಕಂಡಿಲ್ಲ. ಕಿಟಕಿಯ ಮೇಲೆ ‘ಶಾಸಕರಿಗೆ’ ಅಂತ ಬರೆದಿರುತ್ತಿದ್ದ ಸೀಟು. ಅಲ್ಲಿ ಯಾವಾಗಲೂ ಕೋಳಿಬುಟ್ಟಿ ಇಟ್ಟುಕೊಂಡ ಒಬ್ಬರು ಯಜಮಾನರು ಕೂತಿರುತ್ತಿದ್ದರು. ಮತ ಹಾಕಿದ್ದಕ್ಕೆ ಅಷ್ಟಾದರೂ ಸಿಗಲಿ ಬಿಡಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಪ್ರಯಾಣ. ಮಷೀನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ ಬರುತ್ತದೆ. 2025ರ ಜುಲೈ ಹೊತ್ತಿಗೆ ಅಂಥ ಟಿಕೆಟ್ 500 ಕೋಟಿ ದಾಟಿತು. ಇದರಿಂದ ನಿಗಮಗಳಿಗೆ ಹೊರೆ ಎಷ್ಟು, ಸರ್ಕಾರ ಕೊಡಬೇಕಾದದ್ದು ಎಷ್ಟು ಅನ್ನುವ ವಾದ ನಡೆಯುತ್ತಲೇ ಇದೆ, ನಡೆಯಲಿ. ನಾನು ನೋಡುವ ಲೆಕ್ಕ ಬೇರೆ. ಇಷ್ಟು ವರ್ಷ ಬಸ್‌ಸ್ಟಾಪಿನಲ್ಲಿ ಕಾದವರ ಬಗ್ಗೆ ಮಾತಾಡಿದೆವು. ಸ್ಟಾಪಿನವರೆಗೂ ಬಾರದೆ ಮನೆಯಲ್ಲೇ ಕಾದವರಿದ್ದರು. ತವರಿಗೆ ಹೋಗಬೇಕು, ಗಂಡ ದುಡ್ಡು ಕೊಡಲಿ ಅಂತ. ಧರ್ಮಸ್ಥಳಕ್ಕೆ ಹರಕೆ ಇದೆ, ಮಗ ಕರೆದುಕೊಂಡು ಹೋಗಲಿ ಅಂತ. ಅವರೆಲ್ಲ ಒಟ್ಟಿಗೆ ಎದ್ದು ಬಂದರು. ಮೊದಮೊದಲ ತಿಂಗಳುಗಳಲ್ಲಿ ಬಸ್ಸುಗಳು ಬಾಗಿಲಿನವರೆಗೂ ತುಂಬಿ, ಗಂಡಸರು ನಿಂತು ಗೊಣಗಿದರು. ‘ದುಡ್ಡು ಕೊಟ್ಟವರಿಗೆ ಸೀಟಿಲ್ಲ’ ಅಂತ. ಇದು ಪೂರ್ತಿ ಸುಳ್ಳೂ ಅಲ್ಲ. ಜನ ಹೆಚ್ಚಾದಷ್ಟು ವೇಗವಾಗಿ ಬಸ್ಸು ಹೆಚ್ಚಾಗಲಿಲ್ಲ. ಆದರೆ ಸೀಟು ಹಿಡಿಯುವುದಕ್ಕೆ ಕಿಟಕಿಯಿಂದ ಟವೆಲ್ ಎಸೆಯುವ ವಿದ್ಯೆ ಗಂಡಸರದೇ ಸೊತ್ತು ಅಂದುಕೊಂಡಿದ್ದೆವು. ಈಗ ವ್ಯಾನಿಟಿ ಬ್ಯಾಗು, ತೆಂಗಿನಕಾಯಿ ಚೀಲ, ಒಮ್ಮೊಮ್ಮೆ ಮಗುವೂ ಕಿಟಕಿಯಿಂದಲೇ ಒಳಗೆ ಬರುತ್ತದೆ.

ಬೆಂಗಳೂರಿನಲ್ಲಿ ಈಗ ಬಸ್ಸು ಎಲ್ಲಿದೆ ಅಂತ ತೋರಿಸುವ ಆಪ್ ಇದೆ. ಪರದೆಯ ಮೇಲೆ ಪುಟ್ಟ ಬಸ್ಸೊಂದು ತೆವಳಿಕೊಂಡು ಬರುತ್ತದೆ. ಕಾಯುವುದು ಕಡಿಮೆಯಾಗಿದೆಯೋ ಇಲ್ಲವೋ, ಕಾಯುವುದನ್ನು ನೋಡುತ್ತಾ ಕಾಯಬಹುದು. ಆಪ್‌ನಲ್ಲಿ ಬಂದುಹೋದ ಬಸ್ಸು ರಸ್ತೆಯಲ್ಲಿ ಬಾರದೇ ಇರುವುದೂ ಉಂಟು. ಅದಕ್ಕೆ ಯಾರನ್ನು ಬೈಯಬೇಕೆಂದು ತಿಳಿಯದೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತೇವೆ.

ನಮ್ಮೂರಲ್ಲಿ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇದೆ. ಹನ್ನೊಂದರ ಬಸ್ಸಿನ ಕಂಡಕ್ಟರ್ ನಂಬರು ಊರಿನ ಅರ್ಧ ಹೆಂಗಸರ ಮೊಬೈಲಿನಲ್ಲಿದೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ, ‘ಬಸ್ಸು’ ಅಂತಲೇ ಸೇವ್ ಮಾಡಿಕೊಂಡಿದ್ದಾರೆ. ಮೊನ್ನೆ ಹಬ್ಬಕ್ಕೆ ಹೋದಾಗ ನಮ್ಮ ಚಿಕ್ಕಮ್ಮ ಕನ್ನಡಿ ಮುಂದೆ ನಿಂತು, ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದರು.

‘ಅಣ್ಣಾ, ಎಲ್ಲಿದೀರಾ?’

‘ಈಗ ಕ್ರಾಸ್ ಬಿಟ್ವಿ ಕಣಮ್ಮ. ಹೊರಡು ಬೇಗ.’

‘ಕ್ರಾಸಾ? ಸರಿ ಹಾಗಾದ್ರೆ, ನಾನಿನ್ನು ಸೀರೆ ಉಡ್ತೀನಿ.’